ಹಿತ್ತಲ ಮನೆ, ನೆಲಮಾಳಿಗೆ

ನಮ್ಮ ಮನೆಗೆ ಹತ್ತಿರದ ಪಂಜಾಬಿ ದಿನಸಿ ಅಂಗಡಿಯಲ್ಲಿ, ಬಾಗಿಲು ದಾಟಿದ ಕೂಡಲೇ ಒಂದು ನೋಟಿಸ್ ಬೋರ್ಡ್ ಇದೆ. ಟ್ರಕ್ ಡ್ರೈವಿಂಗ್ ಸ್ಕೂಲು, ಟಿಫಿನ್ ಸರ್ವಿಸ್, ಮೆಹಂದಿ ಹಾಕುವವರು, ವೀಸಾ ಮಾಡಿಸಿಕೊಡುವವರು, ಇವರ ಮಧ್ಯೆ ಬಾಡಿಗೆ ಕೋಣೆಗಳ ಚೀಟಿಗಳು. ಚೀಟಿಯ ಕೆಳಗೆ ಫೋನ್ ನಂಬರನ್ನು ಸಾಲಾಗಿ ಬರೆದು ಬಾಚಣಿಗೆಯ ಹಲ್ಲಿನ ಹಾಗೆ ಕತ್ತರಿಸಿರುತ್ತಾರೆ, ಬೇಕಾದವರು ಒಂದೊಂದು ಕಿತ್ತುಕೊಂಡು ಹೋಗಲಿ ಅಂತ. 2022ರಲ್ಲಿ ಬೆಳಗ್ಗೆ ಅಂಟಿಸಿದ ಚೀಟಿಗೆ ಸಂಜೆಯ ಹೊತ್ತಿಗೆ ಒಂದು ಹಲ್ಲೂ ಉಳಿಯುತ್ತಿರಲಿಲ್ಲ. ಮೊನ್ನೆ ಮೆಂತ್ಯ ಸೊಪ್ಪಿಗೆಂದು ಹೋದಾಗ ನೋಡಿದರೆ ಬೋರ್ಡ್ ತುಂಬ ಚೀಟಿಗಳು, ಯಾರೂ ಮುಟ್ಟಿಲ್ಲ. ಮೊದಲ ತಿಂಗಳು ಅರ್ಧ ಬಾಡಿಗೆ. ವೈಫೈ ಉಚಿತ. ಬಸ್ ಸ್ಟಾಪಿಗೆ ಎರಡು ನಿಮಿಷ. ಒಂದರಲ್ಲಿ ಮಾತ್ರ, ಇಷ್ಟೆಲ್ಲ ಬೇಡಿಕೆ ಇಳಿದಿದ್ದರೂ ಬಿಗಿ ಸಡಿಲವಾಗಿರಲಿಲ್ಲ: ಹುಡುಗಿಯರಿಗೆ ಮಾತ್ರ, ಸಸ್ಯಾಹಾರಿಗಳು, ಗುಜರಾತಿ ಆದರೆ ಒಳ್ಳೆಯದು.

ನನಗೆ ಅಮ್ಮ ನೆನಪಾದಳು. ಅಮ್ಮ ಇದನ್ನೆಲ್ಲ ಬರೆದು ಅಂಟಿಸುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ನಾನು ಬೆಳೆದದ್ದು ಮೈಸೂರಿನ ಸರಸ್ವತಿಪುರಂನಲ್ಲಿ. ಕುಕ್ಕರಹಳ್ಳಿ ಕೆರೆಯ ಏರಿ ಹಿಡಿದು ನಡೆದರೆ ಮಾನಸಗಂಗೋತ್ರಿ. ಅಪ್ಪ ಕ್ರಾಫರ್ಡ್ ಹಾಲಿನಲ್ಲಿ ಗುಮಾಸ್ತರು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ ಎಪ್ಪತ್ತರ ದಶಕದ ಹೊತ್ತಿಗೆ ನಮ್ಮ ಬಡಾವಣೆಯ ಎಷ್ಟೋ ಮನೆಗಳ ಒಲೆ ಹೊತ್ತಿಸುತ್ತಿತ್ತು. ಕೆಲವರಿಗೆ ಸಂಬಳ, ಮಿಕ್ಕವರಿಗೆ ಬಾಡಿಗೆ. ನಮಗೆ ಎರಡೂ. ಹಿತ್ತಲಲ್ಲಿ ತೆಂಗಿನ ಮರದ ಪಕ್ಕ ಒಂದು ಕೋಣೆ, ಅದಕ್ಕೆ ಹೆಂಚಿನ ಮಾಡು, ಬಚ್ಚಲು ಬೇರೆ. ನಾವು ಅದನ್ನು ಹಿತ್ತಲ ಮನೆ ಅನ್ನುತ್ತಿದ್ದೆವು. ಜೂನ್ ಬಂತೆಂದರೆ ತಗಡಿನ ಟ್ರಂಕು, ಹಾಸಿಗೆ ಸುರುಳಿ ಹೊತ್ತ ಹುಡುಗರು ಗೇಟಿನ ಮುಂದೆ ಸೈಕಲ್ ನಿಲ್ಲಿಸುತ್ತಿದ್ದರು.

ಅಮ್ಮ ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಯಾವೂರಾಯ್ತಪ್ಪ? ತಂದೆಯವರು ಏನು ಮಾಡ್ಕೊಂಡಿದಾರೆ? ಮೂರನೆಯದನ್ನು ಕೇಳುವಾಗ ಒಲೆಯ ಮೇಲಿಟ್ಟ ಹಾಲು ನೋಡುವವಳಂತೆ ಅರ್ಧ ಒಳಕ್ಕೆ ತಿರುಗುತ್ತಿದ್ದಳು: ನೀವು ಏನು ಜನ?

ಒಂದು ವರ್ಷ ನಂಜನಗೂಡಿನ ಕಡೆಯ ಒಬ್ಬ ಹುಡುಗ ಬಂದ. ಎಂ.ಎಸ್ಸಿ.ಗೆ ಸೇರಿದ್ದ. ಅವನ ಪ್ರೊಫೆಸರು ಅಪ್ಪನ ಹೆಸರಿಗೇ ಬರೆದುಕೊಟ್ಟ ಕಾಗದ ತಂದಿದ್ದ. ಅಪ್ಪ ಓದಿ, ಕೂತ್ಕೊಳ್ಳಿ ಅಂದರು. ಅಮ್ಮ ಮೂರನೆಯ ಪ್ರಶ್ನೆ ಕೇಳಿದಳು. ಅವನು ತಡವರಿಸದೆ, ದನಿ ಇಳಿಸದೆ ಹೇಳಿದ. ಅಪ್ಪ ಕಾಗದ ಮಡಿಸುತ್ತಾ, ಮಾಡು ಸೋರುತ್ತೆ, ರಿಪೇರಿ ಮಾಡಿಸಬೇಕು, ಮುಂದಿನ ತಿಂಗಳು ನೋಡೋಣ ಅಂದರು. ಆ ಹುಡುಗ ನಕ್ಕ ಎಂದೇ ನನ್ನ ನೆನಪು. ಕಾಗದ ವಾಪಸು ಇಸಿದುಕೊಂಡು ಸೈಕಲ್ ಹತ್ತಿದ.

ಮುಂದಿನ ವಾರ ಅದೇ ಸೋರುವ ಮಾಡಿನ ಕೆಳಕ್ಕೆ ಇಬ್ಬರು ಇರಾನಿಗಳು ಬಂದರು. ಆಗ ಮೈಸೂರಿನಲ್ಲಿ ಇರಾನಿ ವಿದ್ಯಾರ್ಥಿಗಳು ಸಾಕಷ್ಟು ಇದ್ದರು. ಬೆಲ್ ಬಾಟಮ್ಮು, ಮೋಟರ್ ಸೈಕಲ್ಲು, ಸಂಜೆ ದೇವರಾಜ ಅರಸ್ ರಸ್ತೆಯಲ್ಲಿ ಓಡಾಟ. ಅವರಿಗೆ ಅಮ್ಮ ಮೂರನೆಯ ಪ್ರಶ್ನೆ ಕೇಳಲಿಲ್ಲ. ಕೇಳಿದರೂ ಉತ್ತರ ಅರ್ಥವಾಗುತ್ತಿರಲಿಲ್ಲ, ಮತ್ತು ಅವರು ಅಡ್ವಾನ್ಸ್ ತಂದಿದ್ದರು. ಭಾನುವಾರ ಹಿತ್ತಲಿಂದ ಮಾಂಸ ಬೇಯುವ ವಾಸನೆ ಬಂದರೆ ಅಮ್ಮ ಊದಿನಕಡ್ಡಿ ಹಚ್ಚಿ ಸುಮ್ಮನಿರುತ್ತಿದ್ದಳು. ಬಹಳ ವರ್ಷ ನಾನು ಈ ಕತೆಯನ್ನು ನಮ್ಮ ಮನೆಯ ಉದಾರತೆಯ ಕತೆಯಾಗಿ ಹೇಳಿಕೊಂಡು ಓಡಾಡಿದೆ: ನೋಡಿ, ಆ ಕಾಲಕ್ಕೇ ನಮ್ಮ ಹಿತ್ತಲಲ್ಲಿ ಇರಾನಿಗಳಿದ್ದರು! ನಂಜನಗೂಡಿನ ಹುಡುಗನನ್ನು ಬಿಟ್ಟೇ ಹೇಳಿದರೆ ಮಾತ್ರ ಅದು ಉದಾರತೆಯ ಕತೆ.

ಆದರೂ ಅಮ್ಮನ ಪರವಾಗಿ ಇದನ್ನು ಹೇಳಲೇಬೇಕು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾದಾಗ ಆ ಹುಡುಗರಿಗೆ ಊರಿಂದ ದುಡ್ಡು ಬರುವುದು ನಿಂತಿತು. ಮೋಟರ್ ಸೈಕಲ್ ಮಾರಿದರು. ರಾತ್ರಿಯೆಲ್ಲ ರೇಡಿಯೋ ತಿರುಗಿಸುತ್ತಾ ಕೂತಿರುತ್ತಿದ್ದರು. ಅಮ್ಮ ಅಷ್ಟು ತಿಂಗಳು ಬಾಡಿಗೆಯ ಮಾತೆತ್ತಲಿಲ್ಲ. ಸಾರು ಅನ್ನ ಕಲಸಿದ ಪಾತ್ರೆಯನ್ನು ನನ್ನ ಕೈಯಲ್ಲಿ ಕೊಟ್ಟು, ಅವುಗಳ ಬಾಗಿಲ ಮುಂದಿಟ್ಟು ಬಾ, ಮುಟ್ಟಬೇಡ ಅನ್ನುತ್ತಿದ್ದಳು. ಎರಡೂ ಒಂದೇ ವಾಕ್ಯದಲ್ಲಿ.

ಅಪ್ಪನದು ಇನ್ನೊಂದು ಕತೆ. ಅವರು ತಿರುಮಕೂಡಲು ನರಸೀಪುರದ ಕಡೆಯವರು. ನಲವತ್ತರ ದಶಕದಲ್ಲಿ ಮೈಸೂರಿಗೆ ಓದಲು ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ವಾರಾನ್ನದಲ್ಲಿ ಓದಿದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರದ ಏಳು ದಿನ ಏಳು ಮನೆಗಳಲ್ಲಿ ಊಟ. ಯಾವುದಾದರೂ ಮನೆಯಲ್ಲಿ ಸೂತಕವೋ ಮದುವೆ ಪ್ರಯಾಣವೋ ಬಂದರೆ ಆ ದಿನ ನಲ್ಲಿ ನೀರು. ಮುದುಕರಾದ ಮೇಲೂ ಅವರ ಬಾಯಲ್ಲಿ ಅಗ್ರಹಾರದ ಮನೆಗಳಿಗೆಲ್ಲ ವಾರದ ಹೆಸರೇ. ಗುರುವಾರದ ಮನೆಯಾಕೆ ತುಪ್ಪ ಬಡಿಸುತ್ತಿದ್ದರು, ಶನಿವಾರದ ಮನೆಯಲ್ಲಿ ನಡುಮನೆಗೆ ಬಿಡದೆ ಹಜಾರದಲ್ಲೇ ಎಲೆ ಹಾಕುತ್ತಿದ್ದರು. ಈ ಶನಿವಾರದ ಮನೆಯ ವಿಷಯ ಹೇಳುವಾಗ ಐವತ್ತು ವರ್ಷದ ಮೇಲೂ ಅವರ ಗಂಟಲು ಬಿಗಿಯುತ್ತಿತ್ತು. ಇದೇ ಅಪ್ಪ ಆ ದಿನ ಕಾಗದ ಮಡಿಸಿ ಕೊಟ್ಟವರು. ಊರು ಓದುವ ಮಕ್ಕಳಿಗೆ ಅನ್ನ ಹಾಕುತ್ತಿತ್ತು, ನಿಜ. ಯಾವ ಮಕ್ಕಳಿಗೆ ಎಂಬುದನ್ನು ಆಯಾ ಮನೆಯ ಹೊಸ್ತಿಲು ತೀರ್ಮಾನಿಸುತ್ತಿತ್ತು. ಮಠಗಳ, ಜಾತಿ ಸಂಘಗಳ ಹಾಸ್ಟೆಲುಗಳು ಮೈಸೂರಿನಲ್ಲಿ ಅಷ್ಟೊಂದು ಎದ್ದದ್ದು ಸುಮ್ಮನೆ ಅಲ್ಲ.

ತೊಂಬತ್ತರ ದಶಕದ ಮೊದಲಿಗೆ ನಾನು ಮತ್ತು ನನ್ನವರು ಕೆನಡಾದ ಬ್ರ್ಯಾಂಪ್ಟನ್ನಿಗೆ ಬಂದಾಗ ಹೊಸ್ತಿಲ ಆಚೆ ನಿಲ್ಲುವ ಸರದಿ ನಮ್ಮದು. ಆಗ ಈ ಊರಿಗೆ ಜನ ಇನ್ನೂ ಹೂವಿನ ಊರು ಎಂದೇ ಹೇಳುತ್ತಿದ್ದರು. ಡೇಲ್ ಮನೆತನದ ಗಾಜಿನ ಮನೆಗಳಲ್ಲಿ ಗುಲಾಬಿ ಬೆಳೆದು ದೂರದೂರಕ್ಕೆ ಕಳಿಸುತ್ತಿದ್ದ ಕಾಲದ ಹೆಸರು ಅದು. ಗಾಜಿನ ಮನೆಗಳು ಹೋಗಿ, ಅವುಗಳ ಎತ್ತರದ ಚಿಮಣಿಯೂ ಎಪ್ಪತ್ತರ ದಶಕದಲ್ಲಿ ಉರುಳಿತ್ತು. ನಾವಿದ್ದದ್ದು ಪೂರ್ವದ ಬ್ರಾಮಲೀ ಭಾಗದಲ್ಲಿ. ಅದು ಐವತ್ತರ ದಶಕದ ಕೊನೆಯಲ್ಲಿ ಹೊಲದ ಮಧ್ಯೆ ನಕ್ಷೆ ಬರೆದು ಕಟ್ಟಿದ ಊರು, 1974ರಲ್ಲಿ ಬ್ರ್ಯಾಂಪ್ಟನ್ನಿಗೆ ಸೇರಿತು. ಬೀದಿಗಳ ಹೆಸರುಗಳೂ ಲೆಕ್ಕಾಚಾರದವು: ಒಂದು ಭಾಗದ ಬೀದಿಗಳೆಲ್ಲ ಎ ಅಕ್ಷರದಿಂದ, ಇನ್ನೊಂದರದು ಬಿ ಇಂದ. ಇವತ್ತಿಗೂ ಹಳಬರು ಎಲ್ಲಿರ್ತೀರಿ ಅಂದರೆ ಜಿ ಸೆಕ್ಷನ್ ಅನ್ನುತ್ತಾರೆ. ಭಾಷೆ ಬಾರದ ಹೊಸಬರಿಗೆ ದಾರಿ ಹುಡುಕಲು ಇದಕ್ಕಿಂತ ಒಳ್ಳೆಯ ಏರ್ಪಾಟು ನಾನು ಬೇರೆಲ್ಲೂ ನೋಡಿಲ್ಲ.

ನಮ್ಮ ಮೊದಲ ಬೇಸ್‌ಮೆಂಟಿನ ಯಜಮಾನಿ ಗಯಾನಾದವರು. ಅವರ ಪೂರ್ವಿಕರು ಕಲ್ಕತ್ತದಿಂದ ಹಡಗಿನಲ್ಲಿ ಕಬ್ಬಿನ ತೋಟಗಳ ಕೂಲಿಗೆ ಹೋದವರು. ಆಕೆಗೆ ಹಿಂದಿಯ ಒಂದು ಮಾತೂ ಬರದು. ಆದರೆ ಬೆಳಗ್ಗೆ ಸ್ನಾನ ಮಾಡಿ ಭಜನೆ ಹಾಡುತ್ತಿದ್ದರು, ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾದ ಪುಸ್ತಕ ನೋಡಿಕೊಂಡು. ನನ್ನನ್ನು ನೋಡಿದಾಗಲೆಲ್ಲ ಬಂದವರಿಗೆ, ಇವಳು ನಿಜವಾದ ಇಂಡಿಯಾದವಳು ಎಂದು ತೋರಿಸುತ್ತಿದ್ದರು. ನಾನು ಅಡುಗೆಗೆ ಇಂಗು ಒಗ್ಗರಣೆ ಹಾಕಿದರೆ ಮೇಲಿಂದ ಕೆಮ್ಮು, ಆಕೆ ಮೀನು ಹುರಿದರೆ ಕೆಳಗಿಂದ ನನ್ನ ಕೆಮ್ಮು. ಜಾತಿ ಕೇಳಲಿಲ್ಲ, ಅದು ಆಕೆಗೆ ಹಡಗಿನಲ್ಲೇ ಕಳೆದುಹೋಗಿತ್ತು. ಆದರೆ ಬೀಗದ ಕೈ ಕೊಡುವಾಗ ತಾವಾಗಿಯೇ ಹೇಳಿದರು: ಜಮೈಕಾದವರಿಗೆ ನಾನು ಕೊಡುವುದಿಲ್ಲ. ಅದನ್ನು ನನಗೆ ಸಲ್ಲಿಸುವ ಮರ್ಯಾದೆ ಎಂಬಂತೆ ಹೇಳಿದರು. ನಮಗೆ ಕೋಣೆ ಬೇಕಿತ್ತು. ತಲೆಯಾಡಿಸಿ ತಗೊಂಡೆವು.

ಆ ಬೀದಿ ನನಗೆ ಈಗಲೂ ಮನೆ ಮನೆಯಾಗಿ ನೆನಪಿದೆ. ಎಡಕ್ಕೆ ಪೋರ್ಚುಗೀಸರು, ಗರಾಜಿನಲ್ಲಿ ದ್ರಾಕ್ಷಾರಸ ಇಳಿಸುವವರು. ಎದುರಿಗೆ ಜಮೈಕಾದ ನರ್ಸು. ಮೂಲೆಯಲ್ಲಿ ಫಿಲಿಪೀನ್ಸಿನ ಸಂಸಾರ. ಹೆಚ್ಚಿನ ಮನೆಗಳಲ್ಲಿ ಬಿಳಿಯ ಮುದುಕ ಮುದುಕಿಯರು. ಬೇಸಿಗೆಯಲ್ಲಿ ಕ್ಯಾರಾಬ್ರಾಮ್ ಹಬ್ಬ. 1982ರಲ್ಲಿ ಶುರುವಾದದ್ದು. ಒಂದೊಂದು ದೇಶಕ್ಕೆ ಒಂದೊಂದು ಪೆವಿಲಿಯನ್, ಟಿಕೆಟಿಗೆ ಪಾಸ್‌ಪೋರ್ಟ್ ಅಂತ ಹೆಸರು, ಒಳಗೆ ಹೋದರೆ ಆ ದೇಶದ ಊಟ, ಕುಣಿತ. ಬಿಳಿಯ ಅಜ್ಜಿಯರು ಸಮೋಸವನ್ನು ಎರಡು ಬೆರಳಲ್ಲಿ ಹಿಡಿದು ಒಳಗೇನಿದೆ ಎಂದು ಬಗ್ಗಿ ನೋಡುತ್ತಿದ್ದರು. ಈಗ ಪೆಟ್ರೋಲ್ ಬಂಕಿನಲ್ಲೂ ಸಮೋಸ ಸಿಗುತ್ತದೆ, ಯಾರೂ ಬಗ್ಗಿ ನೋಡುವುದಿಲ್ಲ.

1991ರ ಜನಗಣತಿಯಲ್ಲಿ ಬ್ರ್ಯಾಂಪ್ಟನ್ನಿನ ಜನ ಎರಡು ಲಕ್ಷ ಮೂವತ್ತನಾಲ್ಕು ಸಾವಿರ ಚಿಲ್ಲರೆ. 2021ರಲ್ಲಿ 6,56,480. ಬಿಳಿಯರಲ್ಲದವರ ಪಾಲು 2001ರಲ್ಲಿ ಶೇ. 40, 2021ರಲ್ಲಿ ಶೇ. 80. ಅರ್ಧಕ್ಕಿಂತ ಹೆಚ್ಚು ಜನ ದಕ್ಷಿಣ ಏಷ್ಯಾ ಮೂಲದವರು. ಈ ಅಂಕಿಗಳನ್ನು ತೋರಿಸಿ ಇದು ಕೆನಡಾದಲ್ಲೇ ಅತಿ ವೈವಿಧ್ಯದ ಊರುಗಳಲ್ಲಿ ಒಂದು ಎಂದು ಭಾಷಣ ಮಾಡುತ್ತಾರೆ. ನನಗೆ ಅನುಮಾನ. ಗಣತಿಯ ಪ್ರಕಾರ ವೈವಿಧ್ಯ ಹೆಚ್ಚಿದಷ್ಟೂ ನನ್ನ ಬೀದಿಯಲ್ಲಿ ಅದು ಕಡಿಮೆಯಾಗಿದೆ. ಮುದುಕ ಮುದುಕಿಯರು ತೀರಿಕೊಂಡರು, ಇಲ್ಲವೇ ಮನೆಗೆ ಒಳ್ಳೆಯ ಬೆಲೆ ಬಂದಾಗ ಮಾರಿ ಆರೆಂಜ್‌ವಿಲ್ಲಿನ ಕಡೆ ಹೋದರು. ಪೋರ್ಚುಗೀಸರೂ ಹೋದರು. ಜಮೈಕಾದ ನರ್ಸು ನಿವೃತ್ತರಾಗಿ ಮಗಳ ಊರಿಗೆ. ಈಗ ಸಾಲಾಗಿ ಪಂಜಾಬಿನವರು, ನಡುವೆ ಗುಜರಾತಿಗಳು. ಇವರನ್ನು ನಾನು ದೂರುತ್ತಿಲ್ಲ. ನಾಲ್ಕು ಗಂಟೆಗೆ ಎದ್ದು ಹಿಮ ತಳ್ಳುವಾಗ ನಮ್ಮ ಡ್ರೈವ್‌ವೇಯನ್ನೂ ತಳ್ಳಿ ಹೋಗುವ ಪಕ್ಕದ ಮನೆ ಸರ್ದಾರ್ಜಿಯಂಥ ನೆರೆಯವರು ನನಗೆ ಸರಸ್ವತಿಪುರಂನಲ್ಲೂ ಸಿಕ್ಕಿರಲಿಲ್ಲ. ಆದರೆ ದಕ್ಷಿಣ ಏಷ್ಯಾ ಎಂಬ ದೊಡ್ಡ ಪಾತ್ರೆಯಲ್ಲಿ ಕನ್ನಡದವರು ಎಲ್ಲಿದ್ದಾರೆ ಎಂದು ಹುಡುಕಬೇಕು. ಅಂಗಡಿಯ ಹುಡುಗನಿಗೆ ಮೈಸೂರು ಎಂದರೆ ಪಾಕ್ ಮಾತ್ರ. ಅವನ ಜೊತೆ ನಾನು ಮಾತಾಡುವುದು ಹಿಂದಿಯಲ್ಲಿ, ಅದೂ ದೂರದರ್ಶನ ನೋಡಿ ಕಲಿತ ಹಿಂದಿ.

ವಿದ್ಯಾರ್ಥಿಗಳ ವಿಷಯಕ್ಕೆ ಬರುತ್ತೇನೆ. ಮೈಸೂರಿನಲ್ಲಿ ಮೊದಲು ವಿಶ್ವವಿದ್ಯಾನಿಲಯ ಬಂತು, ಆಮೇಲೆ ಹುಡುಗರು, ಆಮೇಲೆ ಹಿತ್ತಲ ಮನೆಗಳು. ಬ್ರ್ಯಾಂಪ್ಟನ್ನಿನಲ್ಲಿ ಇದು ತಿರುವುಮುರುವು. ಇಷ್ಟು ದೊಡ್ಡ ಊರಿಗೆ ತನ್ನದೆನ್ನುವ ವಿಶ್ವವಿದ್ಯಾನಿಲಯ ಇರಲಿಲ್ಲ. ಶೆರಿಡನ್ ಕಾಲೇಜಿನ ಡೇವಿಸ್ ಕ್ಯಾಂಪಸ್ ಇತ್ತು, ಈ ಊರಿನವರೇ ಆಗಿದ್ದ, ಪ್ರಾಂತ್ಯದ ಮಾಜಿ ಪ್ರೀಮಿಯರ್ ಬಿಲ್ ಡೇವಿಸ್ ಹೆಸರಿನದು. ಆಗಿನ ರಯರ್ಸನ್ ವಿಶ್ವವಿದ್ಯಾನಿಲಯ ಇಲ್ಲೊಂದು ಕ್ಯಾಂಪಸ್ ಕಟ್ಟುತ್ತದೆ ಎಂದು 2018ರ ವಸಂತದಲ್ಲಿ ಪ್ರಾಂತ್ಯದ ಸರ್ಕಾರ ದುಡ್ಡು ಘೋಷಿಸಿತು. ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ಅಕ್ಟೋಬರಿನಲ್ಲಿ ಆ ದುಡ್ಡು ರದ್ದು. ಕ್ಯಾಂಪಸ್ ಬರಲಿಲ್ಲ, ಆದರೆ ವಿದ್ಯಾರ್ಥಿಗಳು ಬಂದರು. ಸುಮಾರು ಏಳುನೂರು ಕಿಲೋಮೀಟರ್ ಉತ್ತರಕ್ಕೆ, ಸೂ ಸೇಂಟ್ ಮರೀ ಎಂಬ ಸಣ್ಣ ಊರಿನ ಅಲ್ಗೋಮ ವಿಶ್ವವಿದ್ಯಾನಿಲಯದ ಒಂದು ಶಾಖೆ ನಮ್ಮ ಪೇಟೆಯ ಮಧ್ಯೆ ಅಂಗಡಿ ಸಾಲಿನಲ್ಲಿತ್ತು. ನೋಡನೋಡುತ್ತಾ ತಾಯಿ ಕ್ಯಾಂಪಸ್ಸಿಗಿಂತ ಶಾಖೆಯಲ್ಲೇ ಹೆಚ್ಚು ವಿದ್ಯಾರ್ಥಿಗಳಾದರು. ಟೊರಾಂಟೊ, ಮಿಸ್ಸಿಸಾಗಾದ ಖಾಸಗಿ ಕಾಲೇಜುಗಳಿಗೆ ಹೋಗುವವರೂ ಇರುವುದು ಬ್ರ್ಯಾಂಪ್ಟನ್ನಿನಲ್ಲೇ. ಗುರುದ್ವಾರ ಇದೆ, ಗೋದಾಮಿನ ಕೆಲಸ ಇದೆ, ಊರಿನವರು ಯಾರಾದರೂ ಇದ್ದಾರೆ. ವಿಶ್ವವಿದ್ಯಾನಿಲಯವಿಲ್ಲದ ವಿಶ್ವವಿದ್ಯಾನಿಲಯದ ಊರು ನಮ್ಮದಾಯಿತು, ನೆಲದ ಕೆಳಗೆ.

ಆ ಹೊತ್ತಿಗೆ ನಾವು ಸಾಲ ಮಾಡಿ ಕೊಂಡ ಮನೆಯ ಬೇಸ್‌ಮೆಂಟಿನಲ್ಲಿ ವಿದ್ಯಾರ್ಥಿಗಳಿದ್ದರು. ಪಂಜಾಬಿನ ಮೋಗಾ, ಬಠಿಂಡಾ ಕಡೆಯ ಹುಡುಗಿಯರು. ಅಪ್ಪನ ಎಕರೆಗಳ ಮೇಲೆ ಸಾಲ, ಏಜೆಂಟನಿಗೆ ದುಡ್ಡು, ಇಲ್ಲಿನ ಮಕ್ಕಳು ಕಟ್ಟುವುದರ ಎಷ್ಟೋ ಪಟ್ಟು ಫೀಸು, ಇದರ ಮೇಲೆ ಖರ್ಚಿಗಿದೆ ಎಂದು ತೋರಿಸಲು ಬ್ಯಾಂಕಿನಲ್ಲಿಡಬೇಕಾದ ಹತ್ತು ಸಾವಿರ ಡಾಲರು. 2024ರಿಂದ ಅದು 20,635 ಆಯಿತು. ಆ ಹುಡುಗಿಯರು ಬಂದಾಗ ಕಾನೂನಿನ ಪ್ರಕಾರ ವಾರಕ್ಕೆ ಇಪ್ಪತ್ತು ಗಂಟೆ ಕೆಲಸವಷ್ಟೇ ಇತ್ತು. ಮಿಕ್ಕ ಗಂಟೆಗಳಿಗೆ ಕ್ಯಾಷ್ ಕೊಡುವ ಯಜಮಾನರು ಹೆಚ್ಚಾಗಿ ನಮ್ಮವರೇ, ಗಂಟೆಯ ಕೂಲಿ ಎಷ್ಟು ಕಡಿಮೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ. ರಾತ್ರಿ ಪಾಳಿ ಮುಗಿಸಿ ಬಂದು ಬೂಟು ಬಿಚ್ಚದೆ ಮೆಟ್ಟಿಲಲ್ಲೇ ನಿದ್ದೆ ಹೋದ ಹುಡುಗಿಯನ್ನು ಎಬ್ಬಿಸಿ ಕಾಫಿ ಕೊಟ್ಟಿದ್ದೇನೆ. ಕಾಫಿ ಕುಡಿದು, ಆಂಟೀಜಿ ನಿಮ್ಮ ಚಹಾ ಕಹಿ ಅಂದಳು.

ಅವರ ಜೊತೆಗೇ ನಮ್ಮ ಚಿತ್ರದುರ್ಗದ ಕಡೆಯ ಒಬ್ಬ ಹುಡುಗಿಯೂ ಸೇರಿದಳು, ಕನ್ನಡ ಸಂಘದ ಪರಿಚಯದವರೊಬ್ಬರ ಮೂಲಕ. ಆರು ತಿಂಗಳಲ್ಲಿ ಅವಳ ಇಂಗ್ಲಿಷ್ ಇದ್ದಷ್ಟೇ ಇತ್ತು, ಪಂಜಾಬಿ ಮಾತ್ರ ಸರಾಗ. ಗೋದಾಮಿನಲ್ಲಿ ಸೂಪರ್‌ವೈಸರ್ ಬೈಯುವುದು ಪಂಜಾಬಿಯಲ್ಲಿ ಆಂಟಿ, ಬೇಗ ಬರುತ್ತೆ ಅಂದಳು. ಭಾನುವಾರ ನಾಲ್ವರೂ ಬಸ್ಸು ಹಿಡಿದು ಡಿಕ್ಸಿ ರಸ್ತೆಯ ಗುರುದ್ವಾರಕ್ಕೆ ಹೋಗಿ ಲಂಗರ್‌ನಲ್ಲಿ ಊಟ ಮಾಡಿ, ಪಾತ್ರೆ ತೊಳೆದು ಬರುತ್ತಿದ್ದರು. ಅಲ್ಲಿ ಯಾವ ಊರು, ಏನು ಜನ ಎಂದು ಯಾರೂ ಕೇಳುವುದಿಲ್ಲ, ತಲೆಗೆ ಬಟ್ಟೆ ಕಟ್ಟಿ ಸಾಲಲ್ಲಿ ಕೂತರೆ ಆಯಿತು. ಅಪ್ಪ ಇದನ್ನು ನೋಡಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಶನಿವಾರದ ಮನೆಯ ಹಜಾರವಿಲ್ಲದ ಅನ್ನ ಅದು. ಇದೇ ಊರಿನ ಒಂದು ಫುಡ್ ಬ್ಯಾಂಕು ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ ಎಂದು ಹೇಳಿ ಸುದ್ದಿಯಾಯಿತು. ಅವರ ಕಷ್ಟ ಅವರದು, ಕಪಾಟು ಖಾಲಿಯಾಗುತ್ತಿತ್ತು. ಕೇಳಿ ಸಂತೋಷಪಟ್ಟವರು ಮಾತ್ರ ಬಹಳ ಜನ, ಅವರಲ್ಲಿ ಬಿಳಿಯರಿಗಿಂತ ನಮ್ಮ ಬಣ್ಣದವರೇ ಹೆಚ್ಚು ಎಂದು ನನ್ನ ಅಂದಾಜು.

ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಸೇರಿದಾಗಿನ ಮಾತು ಕೇಳಬೇಕು. ಬಾಡಿಗೆಗೆ ಹಿಡಿದ ಶಾಲೆಯ ಹಾಲು, ರಟ್ಟಿನ ತಟ್ಟೆಯಲ್ಲಿ ಬಿಸಿಬೇಳೆಬಾತು, ವೇದಿಕೆಯಲ್ಲಿ ಮಕ್ಕಳ ಕೋಲಾಟ. ಎಪ್ಪತ್ತರ ದಶಕದಲ್ಲಿ ಬಂದ ಹಿರಿಯರೊಬ್ಬರು ಬೂಂದಿ ಅಗಿಯುತ್ತಾ, ನಾವು ಹೀಗೆ ಬಂದವರಲ್ಲಮ್ಮ, ಡಿಗ್ರಿ ಇಟ್ಟುಕೊಂಡು ಬಂದೆವು, ಇವು ಒಂದು ಮನೇಲಿ ಹದಿನೈದು ಜನ ಇರ್ತವೆ, ಕಸದ ತೊಟ್ಟಿ ನೋಡಿ ಹೇಳಬಹುದು ಅಂದರು. ಸುತ್ತ ಇದ್ದವರೆಲ್ಲ ಹೂಂಗುಟ್ಟಿದರು. ಹದಿನೈದು ಜನ ಇರುವ ಮನೆಯ ಬಾಡಿಗೆ ಯಾರ ಜೇಬಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಆ ಹಾಲಿನಲ್ಲೇ ಕೆಲವರು ನೀರು ಕುಡಿಯಲು ಎದ್ದು ಹೋಗಬೇಕಾಗುತ್ತಿತ್ತು. 2024ರ ಜನವರಿಯಲ್ಲಿ ನಗರಸಭೆ, ಬಾಡಿಗೆಗೆ ಕೊಡುವವರು ಲೈಸೆನ್ಸ್ ತೆಗೆದುಕೊಳ್ಳಬೇಕು, ಮನೆ ತಪಾಸಣೆಯಾಗಬೇಕು ಎಂದು ಕೆಲವು ವಾರ್ಡುಗಳಲ್ಲಿ ಜಾರಿಗೆ ತಂದಾಗ ಚಳಿಯಲ್ಲಿ ಬೀದಿಗಿಳಿದು ಕೂಗಿದವರು ಬಾಡಿಗೆದಾರರಲ್ಲ, ಮನೆ ಮಾಲೀಕರು.

ಅದೇ ತಿಂಗಳು ಅಲ್ಗೋಮದ ಹುಡುಗರೂ ಬೀದಿಯಲ್ಲಿದ್ದರು. ಒಂದು ವಿಷಯದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಫೇಲ್ ಮಾಡಿದ್ದಾರೆ ಎಂದು ಕೊರೆಯುವ ಚಳಿಯಲ್ಲಿ ಧರಣಿ. ಓದಲು ಬಂದವರಿಗೆ ಧರಣಿ ಏಕೆ ಎಂದು ಕನ್ನಡದವರೂ ಮೂಗು ಮುರಿದರು. ಮೈಸೂರಿನ ನನಗೆ ನಗು ಬಂತು. ನಾವು ಓದುವಾಗ ಪರೀಕ್ಷೆ ಮುಂದೂಡಿ ಎಂದು ಸ್ಟ್ರೈಕು, ಮುಂದೂಡಿದರೆ ಏಕೆ ಮುಂದೂಡಿದಿರಿ ಎಂದು ಸ್ಟ್ರೈಕು, ನಡುವೆ ಸಿಟಿ ಬಸ್ಸಿನ ಗಾಜಿಗೆ ಕಲ್ಲು. ಅಪ್ಪ ಕ್ರಾಫರ್ಡ್ ಹಾಲಿನ ಹಿಂಬಾಗಿಲಿಂದ ಮನೆಗೆ ಬರುತ್ತಿದ್ದ ದಿನಗಳಿದ್ದವು. ಈ ಹುಡುಗರು ಪಾಪ, ಕಲ್ಲು ಮುಟ್ಟಲಿಲ್ಲ.

ಅಷ್ಟರಲ್ಲಿ ಒಟ್ಟಾವದ ಮಂತ್ರಿಗಳು ವಿದ್ಯಾರ್ಥಿ ಪರ್ಮಿಟುಗಳಿಗೆ ಮಿತಿ ಹಾಕಿದರು. 2023ರ ಕೊನೆಗೆ ದೇಶದಲ್ಲಿ ಹತ್ತು ಲಕ್ಷ ದಾಟಿದ್ದವರು ಇಳಿಯತೊಡಗಿದರು. ಶೆರಿಡನ್ 2024ರ ನವೆಂಬರಿನಲ್ಲಿ ನಲವತ್ತು ಕೋರ್ಸುಗಳನ್ನು ನಿಲ್ಲಿಸುವುದಾಗಿ ಹೇಳಿತು. ಅದುವರೆಗೆ ಮಕ್ಕಳು ಹೆಚ್ಚಾದರು ಎಂದು ಗೊಣಗುತ್ತಿದ್ದವರು ಈಗ ಸಾಲದ ಕಂತು ಕಟ್ಟುವುದು ಹೇಗೆ ಎಂದು ಗೊಣಗುತ್ತಿದ್ದಾರೆ. ಚಿತ್ರದುರ್ಗದ ಹುಡುಗಿ ಪಿ.ಆರ್., ಅಂದರೆ ಕಾಯಂ ವಾಸದ ಪರವಾನಗಿ, ಬೇಗ ಸಿಗುತ್ತದೆಂದು ಸಸ್ಕ್ಯಾಚವಾನಿನ ಯಾವುದೋ ಸಣ್ಣ ಊರಿಗೆ ಹೋಗಿ ಹೋಟೆಲೊಂದರಲ್ಲಿ ಸೇರಿದಳು. ಮೋಗಾದವಳು ವಾಪಸು ಹೋದಳು, ಅಪ್ಪನ ಎಕರೆಗಳು ಏನಾದವೋ ಕೇಳುವ ಧೈರ್ಯ ನನಗಾಗಲಿಲ್ಲ. ನಮ್ಮ ಬೇಸ್‌ಮೆಂಟು ಈಗ ಖಾಲಿ. ಮಕ್ಕಳೆಲ್ಲ ಹೋದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಬ್ರಾಮಲೀಯ ಹಳೆಯ ಸಿವಿಕ್ ಸೆಂಟರಿನ ಕಟ್ಟಡದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಅಂದು ಬರದೇ ಹೋದ ರಯರ್ಸನ್ನೇ, ಹೆಸರು ಬದಲಿಸಿಕೊಂಡು ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾನಿಲಯವಾಗಿ ಬಂದಿದೆ. ಮೊದಲ ತಂಡದಲ್ಲಿ 94 ಮಕ್ಕಳು. ಅವರು ನಮ್ಮ ನೆಲಮಾಳಿಗೆಗೆ ಬರುವ ಜನವಲ್ಲ.

ಅಮ್ಮನಿಗೆ ಎಂಬತ್ತು ದಾಟಿದೆ, ಇನ್ನೂ ಅದೇ ಮನೆಯಲ್ಲಿದ್ದಾಳೆ. ಹಿತ್ತಲ ಮನೆ ಬಿದ್ದುಹೋಗಿ, ಪಕ್ಕದ ಸೈಟಿನಲ್ಲಿ ಮೂರಂತಸ್ತಿನ ಪಿ.ಜಿ. ಎದ್ದಿದೆ. ವಾರದ ಫೋನಿನಲ್ಲಿ ಅವಳ ದೂರು ಯಾವಾಗಲೂ ಅದರ ಮೇಲೆಯೇ.

"ಎಲ್ಲಾ ಹಿಂದಿಯವು ಕಣೆ. ಮಧ್ಯರಾತ್ರಿ ಊಟ ತರಿಸ್ಕೊಳ್ತವೆ. ಮೊಟ್ಟೆ ವಾಸನೆ. ನಮ್ಮೂರಲ್ಲಿ ನಾವೇ ಹೊರಗಿನೋರು ಆಗೋದ್ವಿ. ನಿಮ್ಮ ಕಡೆ ಹೇಗೆ?"

"ನಮ್ಮ ಕಡೆ ಹಿಂದಿಯವು ಅಂದ್ರೆ ನಾವೇ ಅಮ್ಮ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ.

"ಅಲ್ವೇ, ಕೆಳಗಡೆ ಮನೆ ಖಾಲಿ ಬಿದ್ದಿದೆ ಅಂದ್ಯಲ್ಲ," ಅಂದಳು. "ಅಡ್ವಾನ್ಸ್ ಎಷ್ಟು ಕೇಳ್ತಾ ಇದೀಯ? ಜಾಸ್ತಿ ಹೇಳ್ಬೇಡ. ಯಾರು ಬಂದ್ರೂ ಕೊಡು."